ಬಿಲ್ಲಿನಲ್ಲಿ ಬರೆಯದ ಕೆಲಸ

ತಮ್ಮಾ, ನಿನ್ನ ಇಂಟರ್ನೆಟ್ ಅಂಗಡಿಯ ಗಾಜಿಗೆ ಅಂಟಿಸಿದ ಚೀಟಿ ಓದಿದೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಹಳೆಯ ಪ್ಲ್ಯಾನ್ ಎಲ್ಲ ಬಂದ್, ಗ್ರಾಹಕರು ಸಹಕರಿಸಬೇಕು. ಅಷ್ಟೇ. ಸಹಕಾರ ಎಷ್ಟು ಸಿಕ್ಕಿದೆ ಅನ್ನುವುದು ನಿನ್ನ ಫೋನು ಬಡಿದುಕೊಳ್ಳುವುದರಲ್ಲೇ ತಿಳಿಯುತ್ತದೆ. ‘ಕಾಕಾ, ಇದ್ದದ್ದಕ್ಕಿಂತ ಹೆಚ್ಚು ಸ್ಪೀಡ್ ಕೊಡಾಕತ್ತೀನಿ, ಹೊಸಾ ವೈರು ನಾನs ಎಳೀತೀನಿ, ಆದ್ರೂ ಬೈತಾರಲ್ಲ ಈ ಮಂದಿ’ ಅಂತ ಮೊನ್ನೆ ಕೇಳಿದಿ. ಟೆಲಿಫೋನ್ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಇಂಥ ಬೈಗುಳ ನನಗೆ ಹೊಸದಲ್ಲ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕೇಳು.

ನೀನು ಹಳೆಯ ಜಾಲ ನಿಲ್ಲಿಸಿ ಫೈಬರ್ ಹಾಕುತ್ತಿರುವುದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಗಿರಾಕಿಗಳು ಹೇಳುವುದಿಲ್ಲ. ಕಂಬದಿಂದ ಕಂಬಕ್ಕೆ ಎಳೆದ ಆ ಲ್ಯಾನ್ ವೈರು ನೂರು ಮೀಟರ್ ದಾಟಿದರೆ ದಣಿಯುತ್ತದೆ. ನೂರು ಮೀಟರಿಗೊಂದು ಸ್ವಿಚ್ ಡಬ್ಬಿ, ಆ ಡಬ್ಬಿಗೆ ಯಾರದೋ ಮನೆಯಿಂದ ಬೇಡಿ ಪಡೆದ ಕರೆಂಟು. ಆ ಮನೆಯವರು ಊರಿಗೆ ಹೋಗುವಾಗ ಮೇನ್ ಆರಿಸಿದರೆ ಇಡೀ ಓಣಿಯ ಇಂಟರ್ನೆಟ್ಟೇ ಆರಿತು. ಅಡ್ಡಮಳೆಯ ಒಂದು ಸಿಡಿಲಿಗೆ ಸಾಲಾಗಿ ಪೋರ್ಟು ಸುಟ್ಟವು. ಮಾಳಿಗೆಯ ಮೇಲಿನ ರೇಡಿಯೊ ತಟ್ಟೆಯ ಕಥೆಯೂ ಅಷ್ಟೇ: ಗಾಳಿಗೆ ಮುಖ ತಿರುಗಿಸುತ್ತದೆ, ಎದುರಿಗೆ ಯಾರಾದರೂ ಮೂರನೇ ಅಂತಸ್ತು ಏರಿಸಿದರೆ ಕುರುಡಾಗುತ್ತದೆ. ಫೈಬರಿಗೆ ಇದೊಂದೂ ಇಲ್ಲ. ನಡುದಾರಿಯಲ್ಲಿ ಕರೆಂಟಿನ ಹಂಗಿಲ್ಲದೆ ಇಪ್ಪತ್ತು ಕಿಲೋಮೀಟರ್ ಹೋಗುತ್ತದೆ. ಇಳಕಲ್ಲಿನಲ್ಲಿ ಬಿಟ್ಟ ಬೆಳಕು ಹುನಗುಂದ ಮುಟ್ಟೀತು. ಒಂದೇ ಎಳೆಯನ್ನು ಮೂವತ್ತೆರಡು, ಅರವತ್ನಾಲ್ಕು ಮನೆಗೆ ಸೀಳಿ ಹಂಚಬಹುದು. ಎರಡೂ ಜಾಲ ಒಟ್ಟಿಗೆ ಸಾಕಿದರೆ ನಿನ್ನಂಥ ಸಣ್ಣವನ ಗಂಟು ಕರಗಿ ಹೋಗುತ್ತದೆ. ಇದೆಲ್ಲ ಖರೆ.

ಆದರೆ ಮಂದಿ ಬೈಯುತ್ತಿರುವುದು ಫೈಬರನ್ನಲ್ಲ. ಆ ಹಳೆಯ ಸಂಪರ್ಕ ನಿನ್ನ ಬಿಲ್ಲಿನಲ್ಲಿ ಬರೆಯದ ಒಂದಷ್ಟು ಕೆಲಸ ಮಾಡುತ್ತಿತ್ತು. ಅದಕ್ಕೆ ನೀನು ದುಡ್ಡು ಕೇಳಿಲ್ಲ, ಅವರು ಕೊಟ್ಟಿಲ್ಲ. ಹೀಗಾಗಿ ಅದು ಯಾರ ಲೆಕ್ಕದಲ್ಲೂ ಇಲ್ಲ. ವೈರು ಕಡಿದ ದಿನ ಅದು ಅವರ ಲೆಕ್ಕಕ್ಕೆ ಬರುತ್ತದೆ. ನಿನ್ನ ಲೆಕ್ಕಕ್ಕೆ ಬರುವುದೇ ಇಲ್ಲ. ಜಗಳ ಹುಟ್ಟುವುದು ಅಲ್ಲಿ.

ತಾರಿನ ಕಥೆ ಹೇಳುತ್ತೇನೆ. 2013ರ ಜುಲೈ 14ರ ರಾತ್ರಿಗೆ ದೇಶದ ಟೆಲಿಗ್ರಾಂ ಸೇವೆ ಮುಗಿಯಿತು. ಒಂದೂವರೆ ನೂರು ವರ್ಷ ದಾಟಿದ ಸೇವೆ. ಎರಡು ವರ್ಷ ಮೊದಲು, 2011ರಲ್ಲಿ, ಐವತ್ತು ಪದಕ್ಕೆ 27 ರೂಪಾಯಿ ಅಂತ ದರ ಏರಿಸಿ ನೋಡಿದರು. ವರ್ಷಕ್ಕೆ ನೂರು ಕೋಟಿ ದಾಟಿದ ನಷ್ಟ ಅದರಿಂದ ತುಂಬುವಂಥದ್ದಲ್ಲ. ಅಷ್ಟು ಹೊತ್ತಿಗೆ ಸತ್ತ ಸುದ್ದಿ, ಹೆತ್ತ ಸುದ್ದಿ ಎಲ್ಲ ಮೊಬೈಲಿನಲ್ಲಿ ಹೋಗುತ್ತಿತ್ತು. ಹಾಗಾದರೆ ಕೊನೆಯವರೆಗೂ ತಾರು ಹಾಕುತ್ತಿದ್ದವರು ಯಾರು? ರಜೆ ಮೇಲೆ ಊರಿಗೆ ಬಂದ ಸೈನಿಕ, ಇನ್ನೂ ಎರಡು ದಿನ ಬೇಕು ಅಂತ ತನ್ನ ಯುನಿಟ್ಟಿಗೆ. ವಕೀಲರು, ಕಚೇರಿಗಳಿಗೆ. ಅವರಿಗೆ ಬೇಕಾಗಿದ್ದದ್ದು ವೇಗ ಅಲ್ಲ, ಮುದ್ರೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಮಾತು ಹೇಳಿದ್ದೇನೆ ಅನ್ನುವುದಕ್ಕೆ ಸರ್ಕಾರದ ಸಿಕ್ಕಾ ಇರುವ ಒಂದು ಕಾಗದ. ಸುದ್ದಿ ಮುಟ್ಟಿಸುವ ಕೆಲಸ ಮೊಬೈಲ್ ವಹಿಸಿಕೊಂಡಿತು. ಸಾಕ್ಷಿ ಹೇಳುವ ಕೆಲಸವನ್ನು ಯಾರೂ ತಕ್ಷಣ ವಹಿಸಿಕೊಳ್ಳಲಿಲ್ಲ. ದರಪಟ್ಟಿಯಲ್ಲಿ ಪದಕ್ಕೆ ಇಷ್ಟು ಅಂತ ಇತ್ತೇ ಹೊರತು ಸಾಕ್ಷಿಗೆ ಇಷ್ಟು ಅಂತ ಎಲ್ಲಿ ಇತ್ತು?

ಮನೆಯ ಲ್ಯಾಂಡ್‌ಲೈನ್ ಫೋನೂ ಹಾಗೇ. ಕರೆಂಟು ಹೋದರೂ ಅದು ಯಾಕೆ ಮಾತಾಡುತ್ತಿತ್ತು ಅಂತ ಒಬ್ಬರೂ ಕೇಳಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ 48 ವೋಲ್ಟ್ ಆ ತಾಮ್ರದ ಜೋಡಿ ತಂತಿಯಲ್ಲೇ ಮನೆಗೆ ಹರಿದು ಬರುತ್ತಿತ್ತು. ಬ್ಯಾಟರಿಗೆ ಬೆನ್ನಾಗಿ ಜನರೇಟರ್ ಇತ್ತು. ಲೋಡ್‌ಶೆಡ್ಡಿಂಗ್ ನಮ್ಮ ಭಾಗದ ದಿನಚರಿಯಾಗಿದ್ದ ವರ್ಷಗಳಲ್ಲಿ ಇದು ಎಂಥ ದೊಡ್ಡ ಸೇವೆ! ಬಿಲ್ಲಿನಲ್ಲಿ ಬಾಡಿಗೆ ಬರೆದಿದೆ, ಕಾಲ್ ಬರೆದಿದೆ, ಬ್ಯಾಟರಿ ಬರೆದಿಲ್ಲ. ತಾಮ್ರ ಬಂಗಾರ ಅಂತ ನಾನು ಹೇಳುತ್ತಿಲ್ಲ. ಜಾಯಿಂಟಿಗೆ ನೀರು ಹೊಕ್ಕರೆ ಕರಕರ, ಕುಡಿಯುವ ನೀರಿನ ಪೈಪಿಗೆ ರಸ್ತೆ ಅಗೆದರೆ ಓಣಿಗೆ ಓಣಿಯೇ ಮೂಕ. ಆದರೆ ಫೈಬರಿನಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಗೋಡೆಗೆ ಹೊಡೆದ ನಿನ್ನ ಡಬ್ಬಿಗೆ ಮನೆಯದೇ ಕರೆಂಟು ಬೇಕು. ಲೈಟು ಹೋದರೆ ಫೋನೂ ಹೋಯಿತು. ಫೈಬರಿಗೆ ಬದಲಾಯಿಸಿದ ಮನೆಯ ಅಜ್ಜಿ ‘ಫೋನ್ ಕೆಟ್ಟೈತಿ’ ಅಂದರೆ ಅವಳನ್ನು ನೋಡಿ ನಗಬೇಡ. ಹನ್ನೆರಡು ವೋಲ್ಟಿನ ಒಂದು ಸಣ್ಣ ಯುಪಿಎಸ್ ಇದೆ, ಡಬ್ಬಿಯ ಹಿಂದೆ ಅಡಗುವಷ್ಟು ಚಿಕ್ಕದು. ಹೊಸ ಸಂಪರ್ಕ ಕೊಡುವಾಗಲೇ ಅದರ ಮಾತೆತ್ತು. ಮಾರಾಟ ಅಂತಲ್ಲ, ಎಚ್ಚರಿಕೆ ಅಂತ. ಬೇಡ ಅಂದರೆ ಬೇಡ. ಹೇಳಿದ್ದು ನಿನ್ನ ಪುಣ್ಯಕ್ಕೆ.

ನಿಮ್ಮಪ್ಪ ಕೇಬಲ್ ನಡೆಸುವಾಗ ಅನುಭವಿಸಿದ್ದು ನಿನಗೆ ನೆನಪಿರಬೇಕು. ನಾಲ್ಕನೇ ಹಂತದ ಡಿಜಿಟಲೀಕರಣ ಅಂತ 2017ರ ಮಾರ್ಚ್ 31ಕ್ಕೆ ನಮ್ಮಂಥ ಊರುಗಳ ಹಳೆಯ ಅನಲಾಗ್ ಸಿಗ್ನಲ್ಲಿಗೆ ಗಡುವು ಬಂತು. ಚಿತ್ರ ಸ್ವಚ್ಛ ಆಯಿತು, ಚಾನೆಲ್ ಹೆಚ್ಚಾದವು, ಆದರೂ ಬೈಗುಳ ತಪ್ಪಲಿಲ್ಲ. ಯಾಕೆ? ಹಳೆಯ ವೈರಿಗೆ ಐವತ್ತು ರೂಪಾಯಿಯ ಒಂದು ಸ್ಪ್ಲಿಟರ್ ಹಾಕಿದರೆ ಪಡಸಾಲೆಯ ಟೀವಿಯ ಜೊತೆಗೆ ಅಡುಗೆ ಮನೆಯದೂ, ಹಾಸಿಗೆ ಹಿಡಿದ ಮುದುಕರ ಕೋಣೆಯದೂ ನಡೆಯುತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಟೀವಿಗೊಂದು ಬಾಕ್ಸ್, ಬಾಕ್ಸಿಗೊಂದು ಬಾಡಿಗೆ. ಎರಡು ವರ್ಷಕ್ಕೆ ಮತ್ತೊಂದು ಬಂತು: 2019ರ ಫೆಬ್ರುವರಿಯಿಂದ ಚಾನೆಲ್ ಆರಿಸಿಕೊಳ್ಳಿ, ನೂರು ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಕಾಸಿನ ಚಾನೆಲ್ಲಿಗೆ ಬೇರೆ. ಗ್ರಾಹಕನಿಗೆ ಆಯ್ಕೆ ಕೊಟ್ಟಿದ್ದೇವೆ ಅಂತ ದೆಹಲಿಯಲ್ಲಿ ಹೇಳಿದರು. ಊರಲ್ಲಿ ಕಾಗದ, ಪೆನ್ನು ಹಿಡಿದು ಮನೆಮನೆಗೆ ಹೋದವನು ನಿಮ್ಮಪ್ಪ. ನಿಯಮ ಮಾಡಿದವರ ಮುಖ ಯಾರಿಗೂ ಕಾಣಲಿಲ್ಲ, ನಿಮ್ಮಪ್ಪನ ಮುಖ ಎಲ್ಲರಿಗೂ ಕಂಡಿತು. ಸಣ್ಣ ವ್ಯಾಪಾರದ ಕಷ್ಟ ಇದು. ಅದರ ಬಲವೂ ಇದೇ, ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಪ್ಲ್ಯಾನ್ ಅಂದರೆ ಬರೀ ಬೆಲೆ ಅಲ್ಲ, ತಮ್ಮಾ. ಅದರ ಸುತ್ತ ಒಂದು ರೂಢಿ ಬೆಳೆದಿರುತ್ತದೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬಂದಾಗ ತಿಂಗಳಿಗೆ ಇಷ್ಟೇ ಎಂಬಿ ಅಂತ ಲೆಕ್ಕ, ವೇಗ 256 ಕೆಬಿಪಿಎಸ್. ಆ ವೇಗ ಇವತ್ತು ಸರ್ಕಾರದ ವ್ಯಾಖ್ಯೆಯಲ್ಲಿ ಬ್ರಾಡ್‌ಬ್ಯಾಂಡೇ ಅಲ್ಲ, 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಆಮೇಲೆ ಬಂದ ಒಂದು ಪ್ಲ್ಯಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿಲ್ಲ. ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುವ ಹುಡುಗರು, ಮದುವೆ ಆಲ್ಬಮ್ಮಿನ ಫೈಲು ರಾತ್ರಿಗೆ ಕಟ್ಟಿಡುವ ಸ್ಟುಡಿಯೊದವರು ಎಲ್ಲ ಊರಲ್ಲೂ ಇದ್ದರು. ಆ ಪ್ಲ್ಯಾನು ಹೋದಾಗ ಅವರಿಗೆ ಹೋದದ್ದು ಎಂಬಿ ಅಲ್ಲ, ಕಷ್ಟಪಟ್ಟು ಕಂಡುಕೊಂಡ ಒಂದು ಉಪಾಯ. ನಿನ್ನ ಹಳೆಯ ಗಿರಾಕಿಗಳೂ ಹಾಗೆ ಉಪಾಯ ಕಂಡುಕೊಂಡವರೇ. ಆ ಉಪಾಯ ಏನು ಅಂತ ಕೇಳಿದ್ದೀಯಾ?

ಬದಾಮಿಯ ಲಾಡ್ಜಿನವರನ್ನು ನೋಡು. ಚಳಿಗಾಲದಲ್ಲಿ ಗುಹೆ ನೋಡುವ ಮಂದಿ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಜಾತ್ರೆಗೆ ಬಂದು ಠಿಕಾಣಿ ಹೂಡುವ ನಾಟಕ ಕಂಪನಿಗಳು. ಏಪ್ರಿಲ್–ಮೇ ಬಂದರೆ ಆ ಕೆಂಪು ಬಂಡೆ ಕಾದು, ಊರು ಖಾಲಿ. ನೀನು ಹಳೆಯ ಕಾಲದಲ್ಲಿ ‘ಎರಡು ತಿಂಗಳು ಬಂದ್ ಇಡ್ರಿ, ಜೂನಿಗೆ ಹಚ್ಚೋಣು’ ಅಂತ ಬಾಯಿಮಾತಿನಲ್ಲೇ ನಡೆಸುತ್ತಿದ್ದಿ. ನಮ್ಮ ಇಲಾಖೆಯಲ್ಲಿ ಇದಕ್ಕೆ ಸೇಫ್ ಕಸ್ಟಡಿ ಅಂತ ಹೆಸರೇ ಇತ್ತು, ಫೋನನ್ನು ತಾತ್ಕಾಲಿಕವಾಗಿ ಒಪ್ಪಿಸಿ ನಂಬರು ಉಳಿಸಿಕೊಳ್ಳುವ ಅನುಕೂಲ. ಹೊಸ ಪ್ಲ್ಯಾನಿನಲ್ಲಿ ಆರು ತಿಂಗಳ ಹಣ ಮುಂಗಡ ಅಂತ ಬರೆದಿದ್ದಿ. ಅವರ ಸಿಟ್ಟು ನಿನ್ನ ಐವತ್ತು, ನೂರು ರೂಪಾಯಿ ಏರಿಕೆಯ ಮೇಲಲ್ಲ. ಆ ಎರಡು ತಿಂಗಳ ಮೇಲೆ.

ಇಳಕಲ್ಲಿನ ಗ್ರಾನೈಟ್ ಮಂದಿಯದು ಇನ್ನೊಂದು. ಕ್ವಾರಿಯಲ್ಲಿ ಕ್ಯಾಮೆರಾ, ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ. ಹಳೆಯ ಸಂಪರ್ಕಕ್ಕೆ ನೀನು ಬದಲಾಗದ ಐಪಿ ವಿಳಾಸ ಕೊಟ್ಟಿದ್ದಿ, ಅದಕ್ಕೇ ನಡೆಯುತ್ತಿತ್ತು. ಹೊಸ ಜಾಲದಲ್ಲಿ ನೂರಾರು ಮನೆ ಸೇರಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲುತ್ತವೆ, ಹೊರಗಿನಿಂದ ಕ್ಯಾಮೆರಾದ ಬಾಗಿಲು ಸಿಗುವುದಿಲ್ಲ. ‘ಸ್ಪೀಡ್ ಬಂತು, ಕ್ಯಾಮೆರಾ ಹೋತು’ ಅಂತ ಅವರು ಕೂಗಿದರೆ ಅದು ಕಿರಿಕಿರಿ ಅಲ್ಲ, ಪೂರಾ ತಾಂತ್ರಿಕವಾದ ದೂರು. ಇದಕ್ಕೆ ಬೇರೆ ವಿಳಾಸ ಕೊಡು, ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ದಾರಿ ತೋರಿಸು. ಆದರೆ ಕಡಿಯುವ ಮುಂಚೆ. ಕಡಿದ ಮೇಲೆ ಹೇಳಿದರೆ ಅದೇ ಪರಿಹಾರ ನೆಪದ ಹಾಗೆ ಕೇಳುತ್ತದೆ.

ಸೀರೆ ಅಂಗಡಿಗಳ ವಿಷಯ ಸೂಕ್ಷ್ಮ. ಡಬ್ಬಿಯ ಮೇಲೆ, ಚೀಲದ ಮೇಲೆ, ಬೋರ್ಡಿನ ಮೇಲೆ 08351 ಕೋಡಿನ ನಂಬರು ಅಚ್ಚಾಗಿದೆ. ಸೊಲ್ಲಾಪುರದ ಗಿರಾಕಿ ವರ್ಷಕ್ಕೊಮ್ಮೆ ಲಗ್ನದ ಜವಳಿಗೆ ಆ ನಂಬರಿಗೇ ಹಚ್ಚುತ್ತಾನೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು 2011ರಿಂದ ದೇಶಕ್ಕೆಲ್ಲ ಇದೆ. ಲ್ಯಾಂಡ್‌ಲೈನ್ ನಂಬರಿಗೆ ಆ ಹಕ್ಕು ಇಲ್ಲ. ಆದ್ದರಿಂದ ‘ನಮ್ಮ ಕಡೆ ಬರ್ರಿ, ಹಳೇ ಫೋನ್ ಬಿಡ್ರಿ’ ಅಂತ ಯಾರಿಗೂ ಉತ್ಸಾಹದಲ್ಲಿ ಹೇಳಬೇಡ. ನಂಬರು ಯಾರ ಹತ್ತಿರ ಇದೆಯೋ ಅವರ ಫೈಬರಿಗೇ ಹೋದರೆ ಅದೇ ನಂಬರು ಉಳಿಯುವ ಸಂಭವ ಇದೆ ಅಂತ ತಿಳಿಸು. ನಿನಗೆ ಒಂದು ಗಿರಾಕಿ ಕಡಿಮೆ ಆದೀತು, ಆಗಲಿ.

ಇನ್ನು ಸಣ್ಣ ಪ್ಲ್ಯಾನಿನ ಮಂದಿ. ನಮ್ಮ ಓಣಿಯ ನಿವೃತ್ತ ಮಾಸ್ತರರಂಥವರು. ವಾರಕ್ಕೊಮ್ಮೆ ಮೊಮ್ಮಗನ ಮುಖ ನೋಡಬೇಕು, ನವೆಂಬರಿನಲ್ಲಿ ಪೆನ್ಶನ್ನಿನ ಜೀವನ ಪ್ರಮಾಣ ಕೊಡಬೇಕು. ಅವರಿಗೆ ನೂರು ಎಂಬಿಪಿಎಸ್ ಯಾತಕ್ಕೆ? ‘ಎಲ್ಲರಿಗೂ ಅದೇ ಬೇಸಿಕ್ ಪ್ಲ್ಯಾನ್ರೀ’ ಅಂತ ನಿನ್ನ ಹುಡುಗ ಹೇಳಿದನಂತೆ. ಬೇಡದ್ದನ್ನು ಕೊಟ್ಟು ಬೇಕಾದ್ದಕ್ಕೆ ಹೆಚ್ಚು ಹಣ ಕೇಳಿದರೆ ಅದಕ್ಕೆ ಸೌಲಭ್ಯ ಅನ್ನುವುದಿಲ್ಲ. ಮೊಬೈಲ್ ಕಂಪನಿಗಳಿಗೇ ಈ ಪಾಠ ಆಗಿದೆ: ಡೇಟಾ ಬೇಡದವರಿಗೆ ಬರೀ ಮಾತು, ಎಸ್ಸೆಮ್ಮೆಸ್ಸಿನ ರೀಚಾರ್ಜ್ ಇಡಲೇಬೇಕು ಅಂತ ಟೆಲಿಕಾಂ ನಿಯಂತ್ರಕ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿತು. ಫೈಬರಿನಲ್ಲಿ ವೇಗ ಕಡಿಮೆ ಮಾಡುವುದು ನಿನಗೆ ಸಾಫ್ಟ್‌ವೇರಿನ ಒಂದು ಸಾಲು. ಹಳೆಯ ದರದ ಹತ್ತಿರ ಒಂದು ನಿಧಾನದ ಪ್ಲ್ಯಾನ್ ಇಡು. ಅದನ್ನು ತಗೊಳ್ಳುವವರು ಕಡಿಮೆ, ಅದು ಇದೆ ಅಂತ ತಿಳಿದು ಸಿಟ್ಟು ಇಳಿಸಿಕೊಳ್ಳುವವರು ಬಹಳ.

ನಾನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ನಾವು ಬಾಗಲಕೋಟೆ ಸೀಮೆಯವರು ಅನ್ನುವುದು. ಆಲಮಟ್ಟಿಯ ಹಿನ್ನೀರಿಗೆ ಇಲ್ಲಿ ಊರೇ ಮುಳುಗಿದೆ. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ನಕ್ಷೆ ಹಾಕಿದ ನವನಗರ ಎದ್ದಿತು. ಅಗಲ ರಸ್ತೆ, ಸೆಕ್ಟರು, ನಂಬರು ಹಾಕಿದ ಪ್ಲಾಟು. ಹಳೆ ಊರಿನ ಇಕ್ಕಟ್ಟಿನ ಗಲ್ಲಿಗಿಂತ ಕಾಗದದ ಮೇಲೆ ಎಲ್ಲ ಲೆಕ್ಕದಲ್ಲೂ ಮೇಲು. ಪರಿಹಾರದ ಅಧಿಕಾರಿ ಮನೆಯ ಉದ್ದ, ಅಗಲ ಅಳೆದ, ಗೋಡೆ ಕಲ್ಲಿಂದೋ ಮಣ್ಣಿಂದೋ ಬರೆದುಕೊಂಡ. ಕಟ್ಟೆಯ ಮೇಲೆ ಕೂತ ಮುದುಕನಿಗೆ ಎದುರು ಮನೆಯಿಂದ ಚಹಾ ಬರುತ್ತಿದ್ದದ್ದನ್ನು, ಪೇಟೆ ಕಾಲಳತೆಯಲ್ಲಿ ಇದ್ದದ್ದನ್ನು ಯಾವ ಕಲಮಿನಲ್ಲಿ ಬರೆಯಬೇಕಿತ್ತು? ಅಣೆಕಟ್ಟು ಬೇಡವಿತ್ತು ಅನ್ನುವ ವಾದ ನನ್ನದಲ್ಲ. ಆ ನೀರು ಉಂಡವರಲ್ಲಿ ನಾವೂ ಇದ್ದೇವೆ. ಆದರೆ ‘ಹೊಸದು ಚಲೋ ಐತಲ್ಲ, ಮತ್ಯಾಕ ಅಳತೀರಿ’ ಅನ್ನುವ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಬೆಲೆ ಇಲ್ಲ. ಆ ಪ್ರಶ್ನೆ ನೀನು ಕೇಳಬಾರದು.

ಹಾಗಾದರೆ ಹೇಗೆ ಬದಲಾಯಿಸಬೇಕು? ನಿನ್ನ ಅಂಗಡಿಯ ಹಿಂದಿನ ಮಗ್ಗದ ಮನೆಗೆ ಹೋಗಿ ನೋಡು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಟೋಪ್‌ತೆನಿ ಸೆರಗು ಅನ್ನುವುದು ಅದಕ್ಕೇ. ಮೈಯನ್ನು ಕತ್ತರಿಸಿ ಸೆರಗು ಹೊಲಿಯುವುದಿಲ್ಲ. ನೀನೂ ಹದಿನೈದು ದಿನ, ಸಾಧ್ಯವಾದರೆ ಒಂದು ತಿಂಗಳು, ಹಳೆಯದು ಮತ್ತು ಹೊಸದು ಎರಡೂ ಒಂದೇ ಮನೆಯಲ್ಲಿ ಜೀವಂತ ಇಡು. ಹೊಸದರ ಮೇಲೆ ಕ್ಯಾಮೆರಾ, ಪ್ರಿಂಟರ್, ದುಡ್ಡಿನ ಮಷಿನ್ ಎಲ್ಲ ನಡೆದದ್ದು ಗಿರಾಕಿಯೇ ಕಂಡು ‘ಹಳೇದು ಬಿಚ್ಚಪಾ’ ಅಂದ ಮೇಲೆ ಬಿಚ್ಚು. ಖರ್ಚು ಬರುತ್ತದೆ, ಬೈಗುಳದ ಖರ್ಚಿಗಿಂತ ಕಡಿಮೆ.

ಕಾನೂನೂ ಸ್ವಲ್ಪ ತಿಳಿದಿರು. ಫೋನಿನ ದರದಲ್ಲಿ ಟ್ರಾಯ್ ಒಂದು ರಕ್ಷಣೆ ಇಟ್ಟಿದೆ: ಪ್ಲ್ಯಾನಿಗೆ ಸೇರಿದವನಿಗೆ ಸೇರಿದ ದಿನದಿಂದ ಆರು ತಿಂಗಳು ಅದನ್ನು ಕೆಡಿಸುವಂತಿಲ್ಲ. ನಿನಗೆ ಆ ಕಲಮು ಅನ್ವಯ ಆಗುತ್ತದೋ ಇಲ್ಲವೋ ಅಂತ ವಕೀಲರ ಹತ್ತಿರ ಓಡುವ ಮುಂಚೆ ಅದರ ನ್ಯಾಯವನ್ನು ಒಪ್ಪಿಕೋ. ವರ್ಷದ ಹಣ ಮುಂಗಡ ಕೊಟ್ಟವನಿಗೆ ಆ ವರ್ಷ ಮುಗಿಯುವವರೆಗೆ ಹಳೆಯ ದರವೇ ನಡೆಯಲಿ. ಕರಪತ್ರದಲ್ಲಿ ‘ಲೈಫ್‌ಟೈಮ್’ ಅಂತ ಎಂದೂ ಅಚ್ಚು ಹಾಕಿಸಬೇಡ. 2005ರ ಕೊನೆಗೆ 999 ರೂಪಾಯಿಗೆ ಲೈಫ್‌ಟೈಮ್ ಸಿಮ್ ತಗೊಂಡವರಿಗೆ 2018ರ ಕೊನೆಗೆ ಒಳಬರುವ ಕರೆ ಉಳಿಸಿಕೊಳ್ಳಲೂ 28 ದಿನಕ್ಕೆ 35 ರೂಪಾಯಿ ರೀಚಾರ್ಜ್ ಬೇಕು ಅಂತ ಸಂದೇಶ ಬಂದಾಗ, ಮಂದಿ ಕೇಳಿದ ಪ್ರಶ್ನೆ ಒಂದೇ: ಯಾರ ಲೈಫು? ಇನ್ನೊಂದು: ಟೆಲಿಕಾಂ ಕಂಪನಿಯ ಮೇಲಿನ ದೂರನ್ನು ಗ್ರಾಹಕ ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟು 2022ರ ಫೆಬ್ರುವರಿ 16ರಂದು ಹೇಳಿದೆ. ನಮ್ಮ ಜಿಲ್ಲಾ ಆಯೋಗ ನವನಗರದಲ್ಲೇ ಇದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀ ಇಲ್ಲ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಗಿರಾಕಿಗೆ ದೂರು ನಂಬರು ಕೊಡುವ ರೂಢಿ ಮಾಡಿಕೋ, ಅವನು ಅಲ್ಲಿಗೆ ಹೋಗುವ ಸಂದರ್ಭವೇ ಬರಲಿಕ್ಕಿಲ್ಲ.

ನಿನ್ನ ಗಿರಾಕಿಗಳು ಯಾರಾದರೂ ನನ್ನ ಕಟ್ಟೆಗೆ ಬಂದರೆ ಅವರಿಗೂ ಹೇಳುವುದಿದೆ. ಕಂಬ ಹತ್ತಿದ ಹುಡುಗನನ್ನು ಬೈಯಬೇಡ್ರಿ, ಪ್ಲ್ಯಾನ್ ಮಾಡಿದವ ಅವನಲ್ಲ. ಸೇವೆ ಕೊಡುವವನ ಹೆಸರಿನ ಇಮೇಲ್ ವಿಳಾಸ ಇಟ್ಟುಕೊಳ್ಳಬೇಡ್ರಿ. ವಿಎಸ್‌ಎನ್‌ಎಲ್ ಕಾಲದ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದವರು ಆಮೇಲೆ ಕಾರ್ಡು ಬದಲಿಸಬೇಕಾಯಿತು. ‘ನಮಗ ತ್ರಾಸ ಆಗೈತಿ’ ಅಂದರೆ ಸಾಲದು, ಯಾವ ಕೆಲಸ ನಿಂತಿದೆ ಅಂತ ಹೇಳ್ರಿ. ಕ್ಯಾಮೆರಾ ಅಂತಾದರೂ, ಫೋನು ಅಂತಾದರೂ. ಅಷ್ಟಕ್ಕೂ ಬಗೆಹರಿಯದಿದ್ದರೆ 1915 ಇದೆ, ಗ್ರಾಹಕ ಸಹಾಯವಾಣಿ.

ಬಲದ ಮಾತು ಆಮೇಲೆ ಅಂದಿದ್ದೆನಲ್ಲ. ದೊಡ್ಡ ಕಂಪನಿಗೆ ಗಿರಾಕಿ ಅಂದರೆ ಒಂದು ನಂಬರು. ಕರೆ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಬೆಲೆಯಲ್ಲಿ ನೀನು ಅವರನ್ನು ಎಂದೂ ಗೆಲ್ಲಲಾರೆ. ಆದರೆ ಅಮೀನಗಡದ ಅಂಗಡಿಯವನಿಗೆ ಸಂಜೆ ಆರರ ಮೇಲೆ ದುಡ್ಡಿನ ಮಷಿನ್ ನಿಂತರೆ ಕರದಂಟಿನ ವ್ಯಾಪಾರ ಕೆಡುತ್ತದೆ ಅನ್ನುವುದು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಗೊತ್ತಿದ್ದೂ ಅವರ ಹಾಗೆ ಗಾಜಿಗೆ ಚೀಟಿ ಅಂಟಿಸಿದಿಯಲ್ಲ, ಅದೇ ನನಗೆ ಸರಿ ಅನಿಸಲಿಲ್ಲ.

ಆ ಚೀಟಿ ತೆಗೆ. ತಾರೀಖನ್ನು ಜಾತ್ರೆ, ಪರೀಕ್ಷೆ, ಲಗ್ನಸರಾಯಿ ನೋಡಿ ಹಾಕು, ಒಂದನೇ ತಾರೀಖಿಗೇ ಆಗಬೇಕು ಅಂತ ಪಂಚಾಂಗದಲ್ಲೇನೂ ಇಲ್ಲ. ಬಾಕಿ ಡಿಪಾಜಿಟ್ಟು ಕೇಳುವ ಮುಂಚೆ ವಾಪಸ್ ಕೊಡು. ಹುಡುಗನನ್ನು ಕಳಿಸಬೇಡ, ನೀನೇ ಹೋಗು, ಒಂದು ವಹಿ ಹಿಡಿದು. ‘ಇದರ ಮ್ಯಾಲೆ ಏನೇನ್ ನಡೀತೈತ್ರಿ ನಿಮ್ಮದು?’ ಅಂತ ಕೇಳಿ ಬರೆದುಕೋ. ನಾಳೆ ಮೊದಲು ಮಾಸ್ತರರ ಮನೆಗೇ ಹೋಗು. ಅವರು ಬೈಯುತ್ತಾರೆ, ವ್ಯಾಕರಣಬದ್ಧವಾಗಿ ಬೈಯುತ್ತಾರೆ. ಅದು ಮುಗಿದ ಮೇಲೆ ಬಾ, ಉಳಿದವರ ಪಟ್ಟಿ ಕೂತು ಮಾಡೋಣ.